ಹೊರಗೆ ಬರುವುದನ್ನು ಕಲಿಸದ ಮೇಷ್ಟ್ರು

ನಿವೃತ್ತಿಗೆ ಅರವತ್ತು ವರ್ಷ ಆಗಲೇಬೇಕೆಂದು ಯಾರು ಹೇಳಿದ್ದು? ನನಗೆ ಇಪ್ಪತ್ತೊಂಬತ್ತಕ್ಕೇ ಆಯಿತು. ಹಾರ ಇರಲಿಲ್ಲ, ಶಾಲು ಇರಲಿಲ್ಲ. ಭಾಷಣ ಮಾತ್ರ ಇತ್ತು, ಅದನ್ನೂ ನಾನೇ ಮಾಡಿದೆ, ನಮ್ಮ ಯಜಮಾನರ ದನಿಯಲ್ಲಿ. ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು ಎಂಬುದು ಭಾಷಣ ಮುಗಿದ ಮೇಲೆ ತಿಳಿಯಿತು. ಈಗ ನಂದಗುಡಿಯಲ್ಲಿ ಮಾವನವರ ಬಿತ್ತನೆ ಬೀಜದ ಅಂಗಡಿಯಲ್ಲಿ ಕೂತಿದ್ದೇನೆ. ಹುರುಳಿಕಾಯಿ ಬೀಜ ಕೊಳ್ಳಲು ಬಂದವರು ಮೊದಲು ಪೊಟ್ಟಣವನ್ನು ಅನುಮಾನದಿಂದ ನೋಡುತ್ತಾರೆ, ಆಮೇಲೆ ನನ್ನನ್ನು. ಹಳೆಯ ಕೆಲಸಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ.

ಹಳೆಯ ಕೆಲಸವೆಂದರೆ ದೊಡ್ಡಬಳ್ಳಾಪುರದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಮೇಷ್ಟರಗಿರಿ. ತೊಂಬತ್ತರ ದಶಕದ ಕೊನೆಯ ನಾಲ್ಕು ವರ್ಷ. ಆ ಕುರ್ಚಿಗೆ ಹೊಸದಾಗಿ ಬಂದಿರುವವನೊಬ್ಬ ಮೊನ್ನೆ ಅಂಗಡಿಗೇ ಬಂದು ನಿಂತ. "ಸಾರ್, ಇಂಟರ್ನೆಟ್ಟಲ್ಲಿ ಹೆಂಗ್ ನಡ್ಕೋಬೇಕು ಅನ್ನೋ ಪಾಠ ನಂಗೆ ಕೊಟ್ಟವ್ರೆ. ನೀವೇ ಅದನ್ನ ಶುರು ಮಾಡಿದ್ದಂತೆ. ಏನ್ ಹೇಳ್ಕೊಡ್ಬೇಕು?" ಎಂದ. ಯಾರೋ ನನ್ನನ್ನು ಆಡಿಕೊಳ್ಳಲೆಂದೇ ಇವನನ್ನು ಕಳಿಸಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ಪಾಪ, ನಿಜವಾಗಿಯೂ ಕೇಳುತ್ತಿದ್ದ. ಅವನಿಗೂ ಅವನ ಹಿಂದೆ ಬರುವವರಿಗೂ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಹೆಸರು ಮಂಜುನಾಥ. ಊರಿನಲ್ಲಿ 'ಮಿಮಿಕ್ರಿ ಮಂಜ' ಎಂದರೇನೇ ಗುರುತು. ಟಿಕೆಟ್ ಹರಿಯುವ ಕಂಡಕ್ಟರು, ಮೈಕಿನಲ್ಲಿ ಸೀರೆ ರಿಯಾಯಿತಿ ಕೂಗುವವನು, ಕರೆಂಟು ಹೋದಾಗ ನರಳುತ್ತ ನಿಲ್ಲುವ ಪವರ್‌ಲೂಮು, ಎಲ್ಲವೂ ನನ್ನ ಗಂಟಲಿನಲ್ಲಿದ್ದವು. ಇದರಿಂದ ಸಿಕ್ಕ ಲಾಭವೆಂದರೆ, ಫೋನಿನಲ್ಲಿ ನಾನು ಮಾತಾಡಿದರೆ ಹೆತ್ತ ತಾಯಿಯೂ "ನಿಜವಾಗ್ಲೂ ನೀನೇನಾ?" ಎಂದು ಎರಡು ಸಲ ಕೇಳುತ್ತಿದ್ದರು.

ಕೇಂದ್ರದ ಯಜಮಾನರು ಶ್ರೀಕಂಠಯ್ಯನವರು. ಮೂವತ್ತು ವರ್ಷ ತಂತಿ ಕಚೇರಿಯಲ್ಲಿ ಕಟಕಟ ಕುಟ್ಟಿ, ಪಿಂಚಣಿ ಬಂದ ಮೇಲೆ ನೂಲಿನ ಅಂಗಡಿಯೊಂದರ ಮಹಡಿಯಲ್ಲಿ ಆರು ಕಂಪ್ಯೂಟರ್ ಇಟ್ಟು ಕೂತಿದ್ದರು. ಅವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಫೋನಿಗೆ ಬೀಗ, ಕೀಬೋರ್ಡಿಗೆ ಹೊದಿಕೆ, ಹೊದಿಕೆಗೆ ನಂಬರು. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಗುಂಡು ಇರುತ್ತಿತ್ತು. ಒಂದು ಬೆಳಿಗ್ಗೆ ಆರು ಮೌಸುಗಳ ಹೊಟ್ಟೆಯೂ ಖಾಲಿ. ಅವತ್ತು ಕಲಿಯಲು ಬಂದವರ ಜೇಬನ್ನೆಲ್ಲ ತಡಕಿಸಿದರು. ನನ್ನ ಊಟದ ಡಬ್ಬಿಯನ್ನೂ ಬಿಡಲಿಲ್ಲ. ಮಧ್ಯಾಹ್ನ ಅವರ ಮನೆಯವರು ಫೋನ್ ಮಾಡಿ, "ರೀ, ನಿಮ್ಮ ಟಿಫನ್ ಕ್ಯಾರಿಯರ್ ಕೆಳಗಿನ ಬಟ್ಟಲಲ್ಲಿ ಆರು ಗುಂಡು ಇತ್ತಲ್ಲ, ತೊಳೆದು ಒಣಗಾಕಿದೀನಿ" ಎಂದರು. ಕಳ್ಳರಿಗೆ ಸಿಗದಿರಲೆಂದು ಹಿಂದಿನ ಸಂಜೆ ತಾವೇ ತೆಗೆದಿಟ್ಟುಕೊಂಡು ಮರೆತಿದ್ದರು. ಆದರೂ ನನ್ನ ಕಡೆ ತಿರುಗಿ, "ನೀನ್ ಕದಿಯೋದಕ್ಕೆ ಮುಂಚೇನೇ ನಾನ್ ತೆಗೆದಿಟ್ಟಿದ್ದು ಒಳ್ಳೇದಾಯ್ತು" ಎಂದರು.

ಆರು ಯಂತ್ರಗಳಲ್ಲಿ ಒಂದಕ್ಕೆ ಮಾತ್ರ ಇಂಟರ್ನೆಟ್. ಮೋಡೆಮ್ಮು ಕೂಗಿ ಕೂಗಿ ಸಂಪರ್ಕ ಸಿಕ್ಕ ಮೇಲೆ ತಲೆಗೆ ಹತ್ತು ನಿಮಿಷದಂತೆ ಪಾಳಿ. ಪ್ರತಿಯೊಬ್ಬರಿಗೂ ಒಂದೊಂದು ಇಮೇಲ್ ವಿಳಾಸ ಮಾಡಿಕೊಟ್ಟಿದ್ದೆವು. ಹೊಸಕೋಟೆಯಲ್ಲಿ ನಮ್ಮದೇ ಇನ್ನೊಂದು ಶಾಖೆ ಇತ್ತು. ಅಲ್ಲಿ ಕಲಿಯುವವರಿಗೆ ಇಲ್ಲಿಯವರು, ಇಲ್ಲಿಯವರಿಗೆ ಅಲ್ಲಿಯವರು ಪತ್ರ ಬರೆದು ಅಭ್ಯಾಸ ಮಾಡುವುದು ಕ್ರಮ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದರು. ಮೊದಮೊದಲು ಎಲ್ಲರೂ "ಇಲ್ಲಿ ನಾವೆಲ್ಲರೂ ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ" ಎಂದು ಶುರು ಮಾಡಿ ಕ್ಷೇಮ ಮುಗಿಯುವಷ್ಟರಲ್ಲಿ ಹತ್ತು ನಿಮಿಷವನ್ನೂ ಮುಗಿಸುತ್ತಿದ್ದರು.

ಇದನ್ನು ನೋಡಿ ಶ್ರೀಕಂಠಯ್ಯನವರೊಳಗಿನ ತಂತಿ ಗುಮಾಸ್ತ ಎದ್ದು ಕೂತ. "ಕ್ಷೇಮ ಬೇಡ. ನಮಸ್ಕಾರ ಬೇಡ. ಕೊನೇಲಿ ಹೆಸರೂ ಬೇಡ, ಮೇಲೆ ತಾನಾಗೇ ಬಂದಿರುತ್ತೆ. ವಿಷಯ ಹೇಳಿ ಎದ್ದೇಳಿ" ಎಂದು ಅಪ್ಪಣೆ ಕೊಡಿಸಿದರು. ಒಂದು ತಿಂಗಳಲ್ಲಿ ನಮ್ಮ ಕೇಂದ್ರದಿಂದ ಹೋಗುವ ಪತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಯ ಹಾಗಾದವು. ಅದನ್ನು ನಾನು ಬಹಳ ಹೊಗಳಿದೆ. ಹೊಗಳದಿದ್ದರೆ ಸಂಬಳಕ್ಕೆ ಕಷ್ಟವಿತ್ತು.

ನಡವಳಿಕೆಯ ಪಾಠ ಶುರುವಾದದ್ದು ನನ್ನದೇ ಕಿತಾಪತಿಯಿಂದ. 'ಮೇಲಿರುವ ಹೆಸರು ನೋಡಿ ಯಾರನ್ನೂ ನಂಬಬೇಡಿ' ಎಂದು ಎಷ್ಟು ಹೇಳಿದರೂ ಹುಡುಗರು ತಲೆಯಾಡಿಸಿ ಮರೆಯುತ್ತಿದ್ದರು. ತೋರಿಸಿಯೇ ಬಿಡೋಣವೆಂದು ಯಜಮಾನರ ಇಮೇಲ್ ಪೆಟ್ಟಿಗೆಯಿಂದ, ಯಜಮಾನರ ಶೈಲಿಯಲ್ಲಿ, ಹೊಸಕೋಟೆ ಶಾಖೆಗೆ ಎರಡು ಸಾಲು ಕಳಿಸಿದೆ: "ನಾಳೆ ರಜೆ. ಪ್ರಶ್ನೆ ಬೇಡ." ಆ ಶಾಖೆಯ ಮೇಷ್ಟ್ರು ಪ್ರಶ್ನೆ ಮಾಡಲಿಲ್ಲ. ಬಾಗಿಲು ಹಾಕಿ ಹೆಂಡತಿಯ ಊರಿಗೆ ಹೋಗಿಬಿಟ್ಟರು. ಶ್ರೀಕಂಠಯ್ಯನವರು ಅವತ್ತು ನನ್ನನ್ನು ಕೆಲಸದಿಂದ ತೆಗೆಯದೆ ಶಿಕ್ಷೆಯಾಗಿ ಒಂದು ಪಾಠ ಹೊರಿಸಿದರು. "ಈ ಪೆಟ್ಟಿಗೇಲಿ ಮಾನವಾಗಿ ಇರೋದು ಹೆಂಗೆ ಅಂತ ವಾರಕ್ಕೊಂದು ದಿನ ಹೇಳ್ಕೊಡು. ಮಾನ ಇಲ್ಲದವನು ಹೇಳಿದ್ರೆ ಜನಕ್ಕೆ ಬೇಗ ಅರ್ಥವಾಗುತ್ತೆ" ಎಂದರು. ಅಲ್ಲಿಂದ ಮುಂದೆ ಕೇಂದ್ರದಲ್ಲಿ ಏನೇ ಕೆಟ್ಟರೂ ಅವರ ಕಣ್ಣು ಮೊದಲು ನನ್ನ ಮೇಲೆ.

ಈಗ ಗಿರಿಜಾಳ ವಿಷಯಕ್ಕೆ ಬರುತ್ತೇನೆ. ಹೊಸ ಮೇಷ್ಟ್ರು ಉಳಿದದ್ದನ್ನು ಮರೆತರೂ ಇದೊಂದನ್ನು ಮರೆಯಬಾರದು.

ಗಿರಿಜಾ ಬಿ.ಕಾಂ. ಮುಗಿಸಿ ಮನೆಯ ಮಗ್ಗದ ಮುಂದೆ ಕೂತಿದ್ದವಳು. ನಮ್ಮ ಪರೀಕ್ಷೆ ಪಾಸಾದರೆ ಪೇಟೆಯ ಸೀರೆ ಸಗಟು ವ್ಯಾಪಾರಿಯ ಕಚೇರಿಯಲ್ಲಿ ಕೆಲಸ ಕೊಡುವುದಾಗಿ ಮಾತಾಗಿತ್ತು. ಅವಳ ಅಪ್ಪ ಚೌಡಪ್ಪನವರಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು. ಮಗಳನ್ನು ಸೇರಿಸುವ ದಿನ ಬಂದು ಪೊಲೀಸರಂತೆ ವಿಚಾರಣೆ ಮಾಡಿದರು.

"ಈ ಪೆಟ್ಟಿಗೇಲಿ ಯಾರ್ ಯಾರ್ ಮಾತಾಡ್ತಾರೆ?"

"ಮಾತಾಡಲ್ಲ ಯಜಮಾನ್ರೇ, ಬರೀತಾರೆ."

"ಯಾರಿಗೆ?"

"ಯಾರಿಗ್ ಬೇಕಾದ್ರೂ."

ಆ ಉತ್ತರ ಕೊಟ್ಟ ನನ್ನ ನಾಲಿಗೆಯನ್ನು ಇವತ್ತಿಗೂ ಕ್ಷಮಿಸಿಲ್ಲ. ಚೌಡಪ್ಪನವರು ಮಗಳ ಕಡೆ ತಿರುಗಿ, "ನೋಡವ್ವಾ, ಓದು, ಬ್ಯಾಡ ಅನ್ನಲ್ಲ. ಆದ್ರೆ ಬೀದೀಲಿ ಒಂದು ಮಾತು ಬಂತು ಅಂದ್ರೆ ಅವತ್ತೇ ಬಂದು ಮಗ್ಗದ ಮುಂದೆ ಕೂತ್ಕೊಳ್ಳೋದು. ಪರೀಕ್ಷೆಗೆ ಒಂದೇ ದಿನ ಇದ್ರೂ ಅಷ್ಟೇ" ಎಂದರು. ಅವಳು ಒಪ್ಪಿ ಕೂತಳು. ಐದು ತಿಂಗಳು ಒಂದು ಮಾತೂ ಬರಲಿಲ್ಲ. ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಬಂತು.

ಹೊಸಕೋಟೆ ಶಾಖೆಯಲ್ಲಿ ಒಂದು ಪದ್ಧತಿಯಿತ್ತು. ಬಂದ ಪತ್ರಗಳನ್ನೆಲ್ಲ ಪ್ರಿಂಟ್ ತೆಗೆದು, ಕಲಿಯುವವರಿಗೆ ಮಾದರಿಯಾಗಲೆಂದು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಇನ್ನೊಬ್ಬರ ಪತ್ರವನ್ನು ಗೋಡೆಗೆ ಅಂಟಿಸಬಾರದು ಎಂಬುದು ನಡವಳಿಕೆ ಕಲಿಸುತ್ತಿದ್ದ ನನಗೂ ಹೊಳೆದಿರಲಿಲ್ಲ. ನಮ್ಮೂರಿನವರೊಬ್ಬರು ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದವರು ಬೋರ್ಡು ಓದಿದರು. ಓದಿ ಸುಮ್ಮನಿರದೆ ಆ ಹಾಳೆಯನ್ನೇ ಕಿತ್ತುಕೊಂಡು ಬಂದು ಚೌಡಪ್ಪನವರ ಕೈಗೆ ಕೊಟ್ಟರು.

ಬುಧವಾರ ಬೆಳಿಗ್ಗೆ ಗಿರಿಜಾಳ ಬದಲು ಅವಳ ಅಪ್ಪ ಬಂದರು. ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಮೇಲ್ಗಡೆ ಗಿರಿಜಾಳ ಹೆಸರು, ಹೋದ ಶುಕ್ರವಾರದ ತಾರೀಖು, ಹೊತ್ತು. ಬರೆದದ್ದು ಆನಂದನಿಗೆ. ಆನಂದ ಜಡಿಗೇನಹಳ್ಳಿಯವನು, ಹೊಸಕೋಟೆ ಶಾಖೆಯಲ್ಲಿ ಕಲಿಯುತ್ತಿದ್ದವನು. ಕೆಳಗೆ ನಾಲ್ಕೇ ಸಾಲು:

"ಭಾನುವಾರ ಬರ್ತೀನಿ. ಮನೇಲಿ ಹೇಳಿಲ್ಲ. ಹತ್ತು ಗಂಟೆಗೆ ಬಸ್ ಸ್ಟ್ಯಾಂಡಲ್ಲಿ ಕಾಯ್ತಿರು. ಯಾರಿಗೂ ಹೇಳ್ಬೇಡ."

"ಇದೇನಾ ಮೇಷ್ಟ್ರೇ ನೀವ್ ಕಲಿಸ್ತಿರೋ ಮರ್ಯಾದೆ?" ಎಂದರು ಚೌಡಪ್ಪ. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಭಾನುವಾರ ಅವ್ಳು ಮನೇಲೇ ಇದ್ಲು, ನಂಗೊತ್ತು. ಆದ್ರೆ ಹೋಗಿಲ್ಲ ಅನ್ನೋದು ಬೇರೆ, ಬರೆದಿಲ್ಲ ಅನ್ನೋದು ಬೇರೆ. ನಾನ್ ಬರೆದಿಲ್ಲ ಅಂತ ಅಳ್ತಾ ಅವ್ಳೆ. ಮೇಲೆ ನೋಡಿದ್ರೆ ಅವಳ ಹೆಸರೇ ಐತೆ. ನೀವೇ ಹೇಳಿ. ನಿಮ್ ಪೆಟ್ಟಿಗೆ ಸುಳ್ಳು ಹೇಳ್ತಾ ಐತಾ, ನನ್ ಮಗಳು ಹೇಳ್ತಾ ಅವ್ಳಾ?"

ನಾನು ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದೆ, ಅಲ್ಲಿ ಏನೂ ಇರಲಿಲ್ಲ.

"ಸೋಮವಾರದೊಳಗೆ ಯಾರು ಬರೆದಿದ್ದು ಅಂತ ಹೇಳಿ. ಇಲ್ಲಾಂದ್ರೆ ಅವಳ ಹೆಸರು ಹೊಡೆದಾಕಿ" ಎಂದು ಮೆಟ್ಟಿಲಿಳಿದರು. ಪರೀಕ್ಷೆ ಅದರ ಮರುದಿನ, ಮಂಗಳವಾರ.

ಶ್ರೀಕಂಠಯ್ಯನವರು ಹಾಳೆಯನ್ನು ಎತ್ತಿಕೊಂಡು ಮೊದಲು ಹೇಳಿದ್ದು, "ತಂತೀನ ಯಾರಾದ್ರೂ ಗೋಡೆಗೆ ಅಂಟಿಸ್ತಾರೇನಯ್ಯಾ? ಸಾವಿನ ಸುದ್ದಿ ಕುಟ್ಟಿ ಕಳಿಸಿ ಅದೇ ಬೀದೀಲಿ ಬಾಯಿ ಮುಚ್ಕೊಂಡು ಮನೆಗೆ ಹೋಗ್ತಿದ್ವಿ ನಾವು." ಆಮೇಲೆ ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ನೀನಾ?"

"ಸಾರ್!"

"ಗಂಟಲಲ್ಲಿ ಊರನ್ನೇ ಆಡಿಸೋನು ನೀನು. ನನ್ನ ಹೆಸರಲ್ಲಿ ರಜೆ ಕೊಟ್ಟೋನು. ಒಂದು ಹೆಣ್ಣುಮಗಳ ಹೆಸರಲ್ಲಿ ನಾಲ್ಕು ಸಾಲು ಕುಟ್ಟೋದು ಕಷ್ಟಾನಾ?"

ಆಣೆ ಪ್ರಮಾಣ ಮಾಡಿದೆ. ಗಾಬರಿಯಲ್ಲಿ ಅರ್ಧ ಆಣೆ ಅವರದೇ ದನಿಯಲ್ಲಿ ಬಂತು. ಅದು ನನ್ನ ಪರವಾಗಿ ಏನನ್ನೂ ಸಾಬೀತು ಮಾಡಲಿಲ್ಲ.

ನನ್ನ ಮೇಲೆ ಅನುಮಾನ ಬಂದದ್ದೇ ತಡ, ನಾನು ಲೋಕವನ್ನೆಲ್ಲ ಅನುಮಾನಿಸತೊಡಗಿದೆ. ಆನಂದ ಜಂಬಕ್ಕಾಗಿ ತಾನೇ ಬರೆದುಕೊಂಡನೇ? ಹಾಳೆ ಕಿತ್ತು ತಂದವರಿಗೆ ಚೌಡಪ್ಪನವರ ಮೇಲೆ ಹಳೆಯ ಹಗೆಯೇ? ಎರಡನೆಯ ಬೆಂಚಿನ ಹುಡುಗಿಯರು ಬೆಳಿಗ್ಗೆಯಿಂದ ಯಾಕೆ ಪಿಸುಗುಡುತ್ತಿದ್ದಾರೆ? ಒಪ್ಪಿಕೊಳ್ಳುತ್ತೇನೆ, ಒಂದು ಗಳಿಗೆ ಗಿರಿಜಾಳೇ ಬರೆದು ಸುಳ್ಳು ಹೇಳುತ್ತಿರಬಹುದು ಎಂದೂ ಅಂದುಕೊಂಡೆ. ಐದು ತಿಂಗಳಿನಿಂದ ಒಂದು ದಿನವೂ ತಪ್ಪಿಸದೆ ಬಂದವಳನ್ನು ಒಂದು ಹಾಳೆಯ ಮೇಲಿನ ಹೆಸರು ನೋಡಿ ಅನುಮಾನಿಸಿದೆ. 'ಮೇಲಿರುವ ಹೆಸರು ನೋಡಿ ನಂಬಬೇಡಿ' ಎಂದು ವಾರಕ್ಕೊಮ್ಮೆ ಕಿರುಚುತ್ತಿದ್ದವನೂ ನಾನೇ.

ಆಮೇಲೆ ಪತ್ತೇದಾರಿಕೆಗೆ ಇಳಿದೆ. ದನಿಗೊಂದು ಗುರುತಿರುವಂತೆ ಬರವಣಿಗೆಗೂ ಇರುತ್ತದೆ, ಮಿಮಿಕ್ರಿಯವನಿಗೆ ಅದು ತಪ್ಪಿಸಿಕೊಳ್ಳಲಾರದು ಎಂಬ ಧಿಮಾಕು ನನಗೆ. ತರಗತಿಯ ಎಲ್ಲರಿಗೂ "ಗೆಳೆಯನನ್ನು ಭೇಟಿಯಾಗಲು ಕರೆಯಿರಿ" ಎಂದು ನಾಲ್ಕು ಸಾಲು ಕುಟ್ಟಲು ಹೇಳಿದೆ. ಹದಿನಾಲ್ಕು ಹಾಳೆ ಬಂದವು. ಹದಿನಾಲ್ಕೂ ಒಂದೇ ಥರ. ಕ್ಷೇಮವಿಲ್ಲ, ನಮಸ್ಕಾರವಿಲ್ಲ, ಹೆಸರಿಲ್ಲ, ವಿಷಯ ಹೇಳಿ ಎದ್ದಿದ್ದರು. ನಮ್ಮ ಪಾಠ ಅಷ್ಟು ಚೆನ್ನಾಗಿ ಹತ್ತಿತ್ತು.

ತಲೆ ಕೆಟ್ಟಿತು. ಬೋರ್ಡಿನ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಥೇಟ್ ಚೌಡಪ್ಪನವರ ದನಿಯಲ್ಲಿ, "ಇದೇನಾ ನೀವ್ ಕಲ್ತಿರೋ ಮರ್ಯಾದೆ? ಯಾರ್ ಬರೆದಿದ್ದು, ಎದ್ದು ನಿಂತ್ಕೊಳ್ರಿ!" ಎಂದೆ. ಅಭ್ಯಾಸಬಲದಿಂದ ಎಲ್ಲರೂ ನಕ್ಕರು. ಗಿರಿಜಾಳ ಖಾಲಿ ಕುರ್ಚಿ ಕಣ್ಣಿಗೆ ಬಿದ್ದು ಒಬ್ಬೊಬ್ಬರಾಗಿ ನಿಲ್ಲಿಸಿದರು. ನಿಲ್ಲಿಸದೆ ನಗುತ್ತಿದ್ದವನು ನಾನೊಬ್ಬನೇ.

ಮರುದಿನ ಗುರುವಾರ ಚೌಡಪ್ಪನವರ ಮನೆಗೆ ಹೋದೆ. ಗಿರಿಜಾಳನ್ನು ನೇರವಾಗಿ ಒಂದು ಮಾತು ಕೇಳಬೇಕಿತ್ತು. ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಓಡುತ್ತಿದ್ದವು. ಅಲ್ಲಿ ಗುಟ್ಟಿನ ಮಾತನ್ನೂ ಕಿರುಚಿಯೇ ಹೇಳಬೇಕು. ಚೌಡಪ್ಪನವರು ನನ್ನನ್ನು ನೋಡಿ ಹತ್ತಿರ ಬಂದು ಕಿವಿಯಲ್ಲಿ ಕಿರುಚಿದರು.

"ನನ್ನ ದನಿ ಚೆನ್ನಾಗಿ ತೆಗೀತೀರಂತೆ! ತೆಗೀರಿ, ನಾನೂ ಕೇಳಾಣ!"

ಸುದ್ದಿ ನನಗಿಂತ ಮೊದಲೇ ಬಂದಿತ್ತು. ಗಂಟಲಿನಿಂದ ಒಂದು ಕೆಮ್ಮು ಬಂತು, ಅದು ಮಾತ್ರ ಸ್ವಂತದ್ದು. "ತಪ್ಪಾಯ್ತು ಯಜಮಾನ್ರೇ" ಎಂದೆ. "ಏನು? ಕೇಳಿಸ್ಲಿಲ್ಲ!" ಎಂದರು. ಮಗ್ಗದ ಸದ್ದಿನ ಮೇಲೆ ಮೂರು ಸಲ ಕಿರುಚಿ ಕ್ಷಮೆ ಕೇಳಿದೆ. ಮೂರನೆಯ ಸಲಕ್ಕೆ ಮಗ್ಗದವರೂ ಕೇಳಿಸಿಕೊಂಡು ತಲೆಯಾಡಿಸಿದರು.

ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತು. ಒಬ್ಬ ನೇಕಾರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಓಡುತ್ತಿದ್ದ ಮಗ್ಗದ ಪಕ್ಕ ನಿಂತ. ಅಲ್ಲಿದ್ದವನು ಸರಿದ, ಇವನು ಆ ಜಾಗಕ್ಕೆ ಬಂದ. ಲಾಳಿ ಒಂದು ಸಲವೂ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಆ ಊರಿನಲ್ಲಿದ್ದರೂ ನಾನದನ್ನು ಸರಿಯಾಗಿ ನೋಡಿದ್ದು ಅವತ್ತೇ.

ಗಿರಿಜಾ ತಾಯಿಯ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು. ಅಲ್ಲಿ ಸದ್ದು ಕಡಿಮೆ.

"ಗಿರಿಜಾ, ಹೋದ ಶುಕ್ರವಾರ ನೀನು ಪತ್ರ ಬರೆದು ಮುಗಿಸಿದ ಮೇಲೆ ಏನ್ ಮಾಡ್ದೆ?"

"ಎದ್ದೆ ಸಾರ್."

"ನಿನ್ನ ಇಮೇಲ್ ಪೆಟ್ಟಿಗೆ ಮುಚ್ಚಿ ಎದ್ಯಾ?"

"ಯಾಕ್ ಸಾರ್ ಮುಚ್ಬೇಕು?" ಅವಳಿಗೆ ನಿಜವಾಗಿಯೂ ಆಶ್ಚರ್ಯ. "ನಾಗರಾಜ ಪಕ್ಕದಲ್ಲೇ ಬಂದು ನಿಂತಿದ್ದ. ಮುಂದಿನೋರು ಬಂದು ನಿಂತಿರೋವಾಗ ನಿಲ್ಸಿ ಎದ್ದೋಗೋದು ಚೆನ್ನಾಗಿರುತ್ತಾ? ಅವ್ನು ಮತ್ತೆ ಮೊದಲಿಂದ ಶುರು ಮಾಡ್ಬೇಕಲ್ಲ. ನಾವ್ ಯಾರೂ ನಿಲ್ಸಲ್ಲ ಸಾರ್." ಮತ್ತೆ, "ಒಳಗೆ ಹೋಗೋದು ಹೇಳ್ಕೊಟ್ರಿ. ಹೊರಗೆ ಬರೋದು ನೀವ್ ಹೇಳ್ಕೊಡ್ಲೇ ಇಲ್ಲ" ಎಂದಳು.

ಗಿರಿಜಾಳೂ ಸೇರಿ ಹದಿನೈದು ಜನರಲ್ಲಿ ಹನ್ನೊಂದು ಜನ ಮಗ್ಗದ ಮನೆಯವರು. ಓಡುತ್ತಿರುವುದನ್ನು ನಿಲ್ಲಿಸದೆ ಮುಂದಿನವರ ಕೈಗೆ ಬಿಟ್ಟು ಏಳುವುದು ಅವರಿಗೆ ಹುಟ್ಟಿನಿಂದ ಬಂದ ಸೌಜನ್ಯ. ಅವರು ಹಾಗೆ ಸೌಜನ್ಯದಿಂದ ಎಷ್ಟು ದಿನದಿಂದ ಒಬ್ಬರ ಹೆಸರಲ್ಲಿ ಇನ್ನೊಬ್ಬರು ಬರೆಯುತ್ತಿದ್ದರೋ ದೇವರೇ ಬಲ್ಲ. ಕೇಂದ್ರಕ್ಕೆ ಓಡಿಬಂದು ಹಾಜರಿ ಪುಸ್ತಕ ತೆಗೆದೆ. ಪತ್ರ ಹೋದ ಹೊತ್ತು ಹಾಳೆಯ ಮೇಲೆ ಇತ್ತು. ಆ ಹೊತ್ತಿಗೆ ಕುರ್ಚಿಯಲ್ಲಿದ್ದವನು ನಾಗರಾಜ. ಮುಂದಿನ ಬೆಂಚು, ತಲೆಗೆ ಎಣ್ಣೆ, ಬಾಯಿ ತೆಗೆದರೆ 'ಸಾರ್'. ಊರನ್ನೆಲ್ಲ ಅನುಮಾನಿಸಿದ ನಾನು ಅವನೊಬ್ಬನನ್ನು ಅನುಮಾನಿಸಿರಲಿಲ್ಲ.

ಕರೆದು ಹಾಳೆ ತೋರಿಸಿದೆ. ಓದಿದ, ಬೆವರಿದ.

"ಸಾರ್, ಇದು ನಾನ್ ಬರೆದಿದ್ದು! ಮೇಲ್ಯಾಕೆ ಗಿರಿಜಾ ಅಂತೈತೆ?"

"ಬರೆಯೋವಾಗ ನೋಡ್ಲಿಲ್ವೇನೋ ಯಾರ ಪೆಟ್ಟಿಗೆ ಅಂತ?"

"ತೆರೆದಿತ್ತು ಸಾರ್, ಬರೆದೆ. ಪೆಟ್ಟಿಗೆ ಕೇಂದ್ರದ್ದಲ್ವಾ?"

ಆನಂದ ಅವನ ಹಳೆಯ ಸ್ನೇಹಿತ. ಗಿರಿಜಾಳ ಸುದ್ದಿ ಊರೆಲ್ಲ ಹರಡಿದರೂ ಹಾಳೆಯಲ್ಲಿ ಏನು ಬರೆದಿದೆ ಎಂದು ಇವನು ಓದಿರಲಿಲ್ಲ. ಈಗ ಒಂದೊಂದೇ ಅವನಿಗೆ ಹೊಳೆಯತೊಡಗಿತು. "ಅದಕ್ಕೇನಾ ಸಾರ್! ಭಾನುವಾರ ಬಸ್ ಇಳಿದ್ರೆ ಆನಂದ ಅವರಣ್ಣನ ಮದುವೆ ಪ್ಯಾಂಟ್ ಹಾಕ್ಕೊಂಡು, ಕೈಲಿ ಒಂದು ಪೊಟ್ಟಣ ಮಲ್ಲಿಗೆ ಹಿಡ್ಕೊಂಡು ನಿಂತವ್ನೆ. ನನ್ ನೋಡಿ ಮುಖ ಬಾಡೋಯ್ತು. ಏನ್ಲಾ ಇದು ಅಂದ್ರೆ, 'ಏನಿಲ್ಲ ಗುರು, ನಮ್ಮಮ್ಮಂಗೆ' ಅಂದ. ದಾರಿಯುದ್ದಕ್ಕೂ ಮಾತೇ ಆಡ್ಲಿಲ್ಲ ಸಾರ್."

ನಾನು ನಕ್ಕೆ. ನಾಗರಾಜ ನಗಲಿಲ್ಲ. ಅವನು ಹೊಸಕೋಟೆಗೆ ಹೋಗಿದ್ದು ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಕೇಳಲು. ಮನೆಯಲ್ಲಿ ಅಪ್ಪ, ಮಗ್ಗ ಬಿಟ್ಟು ಹೋದರೆ ಹೊಸಿಲು ತುಳಿಯಬೇಡ ಎಂದಿದ್ದರು. "ನಾನೇ ಬರೆದಿದ್ದು ಅಂತ ಊರಿಗೆ ಹೇಳಿದ್ರೆ ನಮ್ಮಪ್ಪಂಗೆ ಗೊತ್ತಾಗುತ್ತೆ ಸಾರ್. ಚೌಡಪ್ಪನೋರಿಗೆ ಮಾತ್ರ ಹೇಳ್ಬಿಡಿ, ಊರಿಗೆ ಬ್ಯಾಡ. ಕಾಲಿಗ್ ಬೀಳ್ತೀನಿ."

ಸಂಜೆ ಹೋಗಿ ಚೌಡಪ್ಪನವರಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಎದ್ದು, ನೇಯ್ದ ಸೀರೆಯ ಅಂಚನ್ನು ಎಳೆದು ತೋರಿಸಿದರು. ಅಂಚಿನಲ್ಲಿ ಒಂದೇ ಒಂದು ಹಳದಿ ದಾರ ಸಿಕ್ಕಿಸಿತ್ತು.

"ಮಗ್ಗ ನಿಲ್ಸಲ್ಲ ನಾವು, ನಿಜ. ಆದ್ರೆ ಕೈ ಬದಲಾದ ಜಾಗಕ್ಕೆ ಗುರುತು ದಾರ ಹಾಕ್ತೀವಿ. ಇಲ್ಲೀವರ್ಗೂ ಇವಂದು, ಇಲ್ಲಿಂದ ಅವಂದು. ನಿಮ್ಮಲ್ಲಿ ಅಂಥದ್ದೇನೂ ಇಲ್ವಾ?"

"ಕೊನೇಲಿ ಹೆಸರು ಬರೆಯೋದಿತ್ತು ಯಜಮಾನ್ರೇ. ನಾವೇ ತೆಗೆಸಿದ್ವಿ."

"ಅಲ್ಲಿಗೆ ಸರಿಹೋಯ್ತು" ಎಂದು ಸೀರೆ ಮಡಚಿದರು. "ನಂಗೆ ನಂಬಿಕೆ ಬಂತು. ಅವಳ ಮೇಲೂ ಬಂತು. ಬೀದಿಗೆ ಯಾರ್ ಹೇಳ್ತಾರೆ? ಗೋಡೆ ಮೇಲೆ ಕೆಟ್ಟಿದ್ದು ಗೋಡೆ ಮೇಲೇ ಸರಿಯಾಗ್ಬೇಕು. ಅಲ್ಲೀವರ್ಗೂ ಅವ್ಳನ್ನ ಕಳಿಸಲ್ಲ."

ಶುಕ್ರವಾರ ನಾನೂ ಶ್ರೀಕಂಠಯ್ಯನವರೂ ತಲೆಗೆ ತಲೆ ಕೊಟ್ಟು ಕೂತೆವು. ನಾಗರಾಜನ ಹೆಸರು ಹಾಕುವಂತಿಲ್ಲ. ನನಗೊಂದು ಅಮೋಘ ಉಪಾಯ ಹೊಳೆಯಿತು. ಬೆಂಗಳೂರಿನ ದೊಡ್ಡ ಇಂಜಿನಿಯರ್ ಒಬ್ಬನನ್ನು ಹುಟ್ಟಿಸಿಬಿಡುವುದು. ಅವನು 'ಯಂತ್ರದ ದೋಷದಿಂದ ಹೆಸರು ಅದಲುಬದಲಾಗಿದೆ' ಎಂದು ಎರಡೂ ಶಾಖೆಗೆ ಪತ್ರ ಬರೆಯುತ್ತಾನೆ. ಬೇಕಾದರೆ ಹಾಳೆ ಕಿತ್ತು ತಂದವರಿಗೆ ಫೋನೂ ಮಾಡುತ್ತಾನೆ. ನಾಗರಾಜ ಉಳಿದ, ಗಿರಿಜಾ ಉಳಿದಳು, ಎಲ್ಲಕ್ಕಿಂತ ಮುಖ್ಯವಾಗಿ ನಾನು ಉಳಿದೆ. ಮೂಗಿನಲ್ಲಿ ಅರ್ಧ ಇಂಗ್ಲಿಷು ಸೇರಿಸಿ ಇಂಜಿನಿಯರನ ದನಿ ತೆಗೆದು ತೋರಿಸಿದೆ. ಯಾರನ್ನೂ ನಂಬದ ಶ್ರೀಕಂಠಯ್ಯನವರು ಅವನನ್ನು ತಕ್ಷಣ ನಂಬಿದರು. "ಬಹಳ ಗೌರವಸ್ಥ ಇದ್ದಂಗವ್ನೆ" ಎಂದರು.

ಆ ಹೊತ್ತಿಗೆ ಬಾಗಿಲಲ್ಲಿ ಗಿರಿಜಾ ತಾಯಿಯ ಜೊತೆ ನಿಂತಿದ್ದಳು. ನೋಟ್‌ಬುಕ್ಕು ತೆಗೆದುಕೊಂಡು ಹೋಗಲು ಬಂದಿದ್ದಳಂತೆ. ಇಂಜಿನಿಯರನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಅವಳು ನಗುತ್ತಾಳೆ ಎಂದುಕೊಂಡು ಕಾದೆ.

"ಯಾರ್ ಸಾರ್ ಅದು?"

"ಯಾರೂ ಅಲ್ಲ ಕಣಮ್ಮಾ. ನಿನ್ನ ಉಳಿಸೋಕೆ ಹುಟ್ಟಿರೋನು."

"ನಾನ್ ಮನೇಲಿ ಕೂತಿರೋದೇ ಒಬ್ರ ಮಾತು ಇನ್ನೊಬ್ರ ಹೆಸರಲ್ಲಿ ಹೋಗಿದ್ದಕ್ಕೆ ಸಾರ್" ಎಂದಳು. "ಈಗ ನನಗೋಸ್ಕರ ಮತ್ತೊಂದ್ ಹೆಸರು ಯಾಕೆ? ನಿಮಗೆ ಹೆಸರಿಲ್ವಾ?"

ಶ್ರೀಕಂಠಯ್ಯನವರು ಕನ್ನಡಕ ಒರೆಸತೊಡಗಿದರು. ನಾನು ಯಂತ್ರದ ಮುಂದೆ ಕೂತೆ. ಬೇರೆಯವರ ಶೈಲಿಯಲ್ಲಿ ಐದು ನಿಮಿಷಕ್ಕೆ ಒಂದು ಪುಟ ಕುಟ್ಟುತ್ತಿದ್ದವನಿಗೆ ಹತ್ತು ಸಾಲು ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಗೆ ಆದದ್ದು ಇಷ್ಟು:

"ಗಿರಿಜಾಳ ಹೆಸರಿನಲ್ಲಿ ಹೊಸಕೋಟೆಗೆ ಬಂದ ಪತ್ರ ಗಿರಿಜಾಳದ್ದಲ್ಲ. ಅವಳ ಪೆಟ್ಟಿಗೆ ತೆರೆದಿದ್ದಾಗ ಇನ್ನೊಬ್ಬ ವಿದ್ಯಾರ್ಥಿ ತಿಳಿಯದೆ ತನ್ನ ಸ್ವಂತ ಕೆಲಸಕ್ಕೆ ಬರೆದದ್ದು. ಅವನ ಕೆಲಸ ಅವನದು, ಆದ್ದರಿಂದ ಹೆಸರು ಹೇಳುವುದಿಲ್ಲ. ಕೆಲಸ ಮುಗಿದ ಮೇಲೆ ಪೆಟ್ಟಿಗೆ ಮುಚ್ಚಿ ಏಳಬೇಕೆಂದು ನಾನು ಯಾರಿಗೂ ಕಲಿಸಿರಲಿಲ್ಲ. ಇನ್ನೊಬ್ಬರ ಪತ್ರವನ್ನು ಗೋಡೆಗೆ ಅಂಟಿಸಬಾರದೆಂದೂ ಕಲಿಸಿರಲಿಲ್ಲ. ಎರಡೂ ತಪ್ಪು ನನ್ನವು. ಮಂಜುನಾಥ, ಮೇಷ್ಟ್ರು."

ಎರಡೂ ಶಾಖೆಯ ಬೋರ್ಡಿಗೆ ಅಂಟಿಸಿದೆವು. ನಮ್ಮ ಊರಿನದನ್ನು ಮೆಟ್ಟಿಲ ಬುಡದಲ್ಲಿ, ನೂಲು ಕೊಳ್ಳಲು ಬರುವವರಿಗೂ ಕಾಣುವಂತೆ ಹಾಕಿದೆವು. ಶನಿವಾರವೆಲ್ಲ ಜನ ಓದಿದರು. ಓದಿ ನಂಬಿದರೆಂದು ತಿಳಿಯಬೇಡಿ. "ಹೆಸರು ಯಾಕ್ ಹಾಕಿಲ್ಲ?" "ಹುಡುಗನೇ ಇಲ್ಲ ಕಣೋ, ಇವನದ್ದೇ ಕೈಚಳಕ." "ಮಿಮಿಕ್ರಿ ಮಂಜ ಬರೆದ ಮೇಲೆ ಮುಗೀತು ಬಿಡು, ಅದ್ಯಾರ ದನಿಯೋ." ಇದನ್ನೆಲ್ಲ ಮಹಡಿಯ ಕಿಟಕಿಯಿಂದ ಕೇಳುತ್ತ ಕೂತಿದ್ದೆ. ಜೀವನದಲ್ಲಿ ಒಂದೇ ಸಲ ನನ್ನದೇ ದನಿಯಲ್ಲಿ ಮಾತಾಡಿದ್ದೆ, ಅದನ್ನೂ ಮಿಮಿಕ್ರಿ ಎಂದರು. ತಪ್ಪು ಅವರದಲ್ಲ.

ನಾಗರಾಜನೂ ಕೆಳಗೆ ಗುಂಪಿನಲ್ಲಿ ನಿಂತು ಕೇಳುತ್ತಿದ್ದ. ಯಾರೋ ಗಿರಿಜಾಳ ಹೆಸರೆತ್ತಿ ಏನೋ ಅಂದು ನಕ್ಕರು. ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ. ಅವನು ಮತ್ತೆ ಬರುವುದಿಲ್ಲ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯಲು ಹೋದಾಗ ಹಾಳೆಯ ಕೆಳಗೆ ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿತ್ತು: "ಆ ವಿದ್ಯಾರ್ಥಿ ನಾನು. ಕೆಲಸ ಕೇಳೋಕೆ ಹೋಗಿದ್ದೆ. ನಾಗರಾಜ." ಅಕ್ಷರ ಬರೆದವನು ಮೆಟ್ಟಿಲ ಮೇಲೆಯೇ ಕೂತಿದ್ದ. ಅಪ್ಪನಿಗೆ ಹಿಂದಿನ ದಿನವೇ ಹೇಳಿದ್ದನಂತೆ. "ಏನಂದ್ರೋ?" ಎಂದೆ. "ಇನ್ನೂ ಏನೂ ಅಂದಿಲ್ಲ ಸಾರ್. ಮಾತೇ ಬಿಟ್ಟವ್ರೆ" ಎಂದ.

ಒಂಬತ್ತು ಗಂಟೆಗೆ ಚೌಡಪ್ಪನವರು ಗಿರಿಜಾಳನ್ನು ಕರೆದುಕೊಂಡು ಬಂದರು. ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಅಚ್ಚಿನದನ್ನು ಒಂದು ಸಲ, ಪೆನ್ನಿನದನ್ನು ಎರಡು ಸಲ. ಮೇಲೆ ಬಂದು, ಕುರ್ಚಿ ಕೊಟ್ಟರೆ ಬೇಡವೆಂದು, ಮಗಳ ಹಿಂದೆ ಕೈಕಟ್ಟಿ ನಿಂತರು. ಅವಳ ಪಾಳಿಯ ಹತ್ತು ನಿಮಿಷವೂ ಹಾಗೇ ನಿಂತಿದ್ದರು. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಆ ಯಂತ್ರದಿಂದ ಹೊರಟ ಒಂದೊಂದು ತಂತಿಯೂ ಎಲ್ಲಿಗೆ ಹೋಗುತ್ತದೆಂದು ಬಗ್ಗಿ ನೋಡಿದರು. ಗಿರಿಜಾ ಪತ್ರ ಮುಗಿಸಿದಳು. ಕೆಳಗೆ ಹೆಸರು ಕುಟ್ಟಿದಳು. ಲಾಗ್ ಔಟ್ ಒತ್ತಿ, ಪರದೆ ಪೂರ್ತಿ ಬರಿದಾಗುವವರೆಗೂ ಕೂತಿದ್ದು, ಆಮೇಲೆ ಎದ್ದಳು. ಪಕ್ಕದಲ್ಲಿ ಕಾದು ನಿಂತಿದ್ದ ನಾಗರಾಜ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

ಚೌಡಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಸಿಕ್ತೇನಪ್ಪಾ ಕೆಲ್ಸ?"

"ಇನ್ನೂ ಇಲ್ಲ."

"ಹ್ಞೂಂ" ಎಂದರು. ಚಪ್ಪಲಿ ಮೆಟ್ಟಿಕೊಂಡು ಎರಡು ಮೆಟ್ಟಿಲು ಇಳಿದವರು, ಅಲ್ಲಿಂದಲೇ ನನ್ನ ಕಡೆ ತಿರುಗಿದರು.

"ನಾಳೆ ಪರೀಕ್ಷೆಗೆ ನಾನ್ ಬರಲ್ಲ ಮೇಷ್ಟ್ರೇ. ಅವ್ಳೊಬ್ಳೇ ಬರ್ತಾಳೆ."